ಸುಗ್ಗಿಯ ಲೆಕ್ಕ, ತಾರೀಖಿನ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ನಮ್ಮ ವಿಜಯಪುರ ಜಿಲ್ಲೆಯ ಈ ನಾಲ್ಕರಲ್ಲಿ ಯಾವ ಊರಿನ ಬಜಾರಕ್ಕೆ ಹೋದರೂ ‘ಪತ್ತಿನ ಸಹಕಾರಿ’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ನೋಡಿ ನೋಡಿ ರೂಢಿಯಾಗಿರುವುದರಿಂದ ‘ಪತ್ತು’ ಎಂದರೇನೆಂದು ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಪತ್ತು ಎಂದರೆ ಬರೀ ಸಾಲವಲ್ಲ. ‘ಇವನಿಗೆ ಕೊಟ್ಟರೆ ತಿರುಗಿ ಬರುತ್ತದೆ’ ಎಂದು ಮಂದಿ ಇಟ್ಟ ನಂಬಿಕೆ ಅದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇದೇ ನಂಬಿಕೆಯ ಮೇಲೆ. ಅಂಥ ಸಂಘಗಳಲ್ಲಿ ಸಾಲ ಕೇಳುವವನೂ ಕೊಡುವವರೂ ಒಂದೇ ಊರಿನವರು, ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತು.

ನಮ್ಮ ಮಕ್ಕಳಿಗೆ ಇಂದು ಬೇಕಾಗಿರುವುದೂ ಪತ್ತೇ. ಆದರೆ ಅದನ್ನು ಬರೆದಿಡುವವರು ಬದಲಾಗಿದ್ದಾರೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು, 2005ರ ಒಂದು ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ನಿಗಾದಲ್ಲಿ ಈ ಕೆಲಸ ಮಾಡುತ್ತವೆ. ಬ್ಯಾಂಕು, ಫೈನಾನ್ಸ್ ಕಂಪನಿಗಳು ಯಾರು ಯಾವ ಕಂತನ್ನು ಯಾವತ್ತು ಕಟ್ಟಿದರು ಎಂಬುದನ್ನು ಇವುಗಳಿಗೆ ಕಳಿಸುತ್ತವೆ. 2025ರ ಜನವರಿ 1ರಿಂದ ಕನಿಷ್ಠ 15 ದಿನಕ್ಕೊಮ್ಮೆ ಕಳಿಸಬೇಕೆಂಬ ನಿಯಮ ಬಂತು. ಅದರಿಂದ ಹುಟ್ಟುವ ಅಂಕಿಯೇ ಕ್ರೆಡಿಟ್ ಸ್ಕೋರ್. ಕನಿಷ್ಠ 300, ಗರಿಷ್ಠ 900. 750 ದಾಟಿದರೆ ಸಾಮಾನ್ಯವಾಗಿ ಚಲೋ ಪತ್ತು ಎಂದು ಲೆಕ್ಕ.

ನಮ್ಮ ಭಾಗದ ಮನೆಗಳಿಗೆ ತೊಡಕಾಗುವುದು ಇಲ್ಲಿಯೇ. ನಾವು ಸುಗ್ಗಿಯ ಲೆಕ್ಕದಲ್ಲಿ ಬೆಳೆದವರು. ಬಿತ್ತನೆಗೆ ಬೀಜ, ಗೊಬ್ಬರ ಉದ್ರಿ ತಂದರೆ ‘ತೊಗರಿ ರಾಶಿ ಆದಮ್ಯಾಲ ಕೊಡ್ತೀನ್ರಿ’ ಎನ್ನುತ್ತೇವೆ. ಕಬ್ಬಿನ ಬಿಲ್ಲು ತಡವಾದರೆ, ಲಿಂಬಿಯ ರೇಟು ಬಿದ್ದರೆ ಅಂಗಡಿಯವರೂ ಒಂದು ತಿಂಗಳು ತಾಳುತ್ತಾರೆ. ಮಳೆ ಕೈಕೊಟ್ಟಿದ್ದು ಅವರಿಗೂ ಗೊತ್ತಿರುತ್ತದೆ. ಆದರೆ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ಮಗನ ಮೊಬೈಲ್ ಕಂತು 5ನೇ ತಾರೀಖಿಗೆ ಇದ್ದರೆ 5ನೇ ತಾರೀಖಿಗೇ ಕಟ್ಟಬೇಕು. ಕಂಪ್ಯೂಟರಿಗೆ ಮಳೆ ಗೊತ್ತಿಲ್ಲ, ಮುಖದ ಗುರುತೂ ಇಲ್ಲ. ಸಿಬಿಲ್ ವರದಿಯಲ್ಲಿ ಹಿಂದಿನ 36 ತಿಂಗಳ ಕಂತುಗಳು ಸಾಲಾಗಿ ಕೂತಿರುತ್ತವೆ. ಯಾವ ತಿಂಗಳು ಎಷ್ಟು ದಿನ ತಡವಾಯಿತು ಎಂಬುದು ಅಲ್ಲಿ ಕಾಣುತ್ತದೆ. ಯಾಕೆ ತಡವಾಯಿತು ಎಂಬುದು ಕಾಣುವುದಿಲ್ಲ.

ತಾರೀಖು ನಮಗೆ ಪೂರ್ತಿ ಹೊಸದೇನೂ ಅಲ್ಲ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಸಿಗುವ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023–24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಆ ಸೊನ್ನೆ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವಿಗೆ ಮುಂಚೆ ಹೇಗಾದರೂ ಹೊಂದಿಸಿ ಸೊಸೈಟಿಗೆ ಕಟ್ಟಿಬರುವ ಅಪ್ಪ, ಅದೇ ಶಿಸ್ತನ್ನು ಮಗಳಿಗೆ ಹೇಳಿಕೊಡಬಹುದು. ಅವಳಿಗೆ ಗಡುವು ವರ್ಷಕ್ಕೊಂದಲ್ಲ, ತಿಂಗಳಿಗೊಂದು. ವ್ಯತ್ಯಾಸ ಅಷ್ಟೇ.

ಹಾಗಾದರೆ ಶುರು ಎಲ್ಲಿಂದ? ‘ಸಾಲವೇ ಮಾಡಬೇಡ’ ಎಂಬ ಹಿರಿಯರ ಮಾತು ತೂಕದ್ದೇ. ಆದರೆ ಎಂದೂ ಸಾಲ ಮಾಡದವರ ವರದಿಯಲ್ಲಿ ಅಂಕಿಯ ಬದಲು ‘ಎನ್‌ಎಚ್’, ಅಂದರೆ ಚರಿತ್ರೆಯೇ ಇಲ್ಲ ಎಂದು ಬರುತ್ತದೆ. ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಆದರೂ ಮುಂದೆ ಮನೆಯ ಸಾಲ ಕೇಳುವ ದಿನಕ್ಕೆ ಒಂದಿಷ್ಟು ಒಳ್ಳೆಯ ಚರಿತ್ರೆ ಇದ್ದರೆ ಬಲ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ನಾವು ಮಾಡಿದ್ದು ಇಷ್ಟು. ಮೊದಲ ನಾಲ್ಕು ತಿಂಗಳ ಸಂಬಳದಲ್ಲಿ ಉಳಿದ 20,000 ರೂಪಾಯಿಯನ್ನು ಅವಳದೇ ಹೆಸರಿನಲ್ಲಿ ಠೇವಣಿ ಇಟ್ಟು, ಆ ಠೇವಣಿಯ ಮೇಲೆ ಒಂದು ಕ್ರೆಡಿಟ್ ಕಾರ್ಡ್ ತೆಗೆಸಿದೆವು. ಠೇವಣಿ ಅಡವಿರುವುದರಿಂದ ಬ್ಯಾಂಕಿಗೆ ಭಯವಿಲ್ಲ, ಮಿತಿ ಸಣ್ಣದಾದ್ದರಿಂದ ನಮಗೂ ಭಯವಿಲ್ಲ. ಅದರಲ್ಲಿ ಅವಳು ಕೊಳ್ಳುವುದು ಎರಡೇ: ಫೋನ್ ರೀಚಾರ್ಜ್, ಊರಿಗೆ ಬರುವ ಬಸ್ಸಿನ ಟಿಕೆಟ್. ಮಿತಿಯ ಮೂರನೇ ಒಂದು ಪಾಲು ದಾಟಬಾರದೆಂದು ಅವಳೇ ಗೆರೆ ಹಾಕಿಕೊಂಡಳು. ಕೊಟ್ಟ ಮಿತಿಯನ್ನೆಲ್ಲ ಬಳಿದು ಖರ್ಚು ಮಾಡುವವರ ಸ್ಕೋರ್ ಇಳಿಯುತ್ತದೆ. ಪೂರ್ತಿ ಬಿಲ್ಲು ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದಾಳೆ.

‘ಪೂರ್ತಿ’ ಎಂಬ ಮಾತನ್ನು ಮಕ್ಕಳ ಕಿವಿಯಲ್ಲಿ ಎರಡು ಸಲ ಹೇಳಿ. ಕಾರ್ಡಿನ ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ಒಂದು ಚಿಕ್ಕ ಮೊತ್ತ ಇರುತ್ತದೆ. ಅಷ್ಟು ಕಟ್ಟಿದರೆ ತಡವೆಂದು ಬರೆಯುವುದಿಲ್ಲ, ನಿಜ. ಆದರೆ ಉಳಿದ ಬಾಕಿಗೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಮೇಲೆ ಬಡ್ಡಿ. ಮೂರರ ಬಡ್ಡಿ ಎಂದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಬೆಚ್ಚಬೇಕಾದ ಮಾತು. 10,000 ರೂಪಾಯಿ ಬಾಕಿಗೆ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ. ಪ್ಲಾಸ್ಟಿಕ್ ಕಾರ್ಡಿನಲ್ಲಿ ಬಂದರೆ ಅದು ಕಡಿಮೆಯಾಗುವುದಿಲ್ಲ.

ಈಗ ದೊಡ್ಡವರಿಗೆ ಒಂದು ಮಾತು. ಇದನ್ನು ಹೇಳದೆ ಬಿಟ್ಟರೆ ಮೇಲಿನದೆಲ್ಲ ನಿರರ್ಥಕ. ಮಗನಿಗೆ 18 ತುಂಬಿ ಕೈಯಲ್ಲಿ ಸಂಬಳದ ಚೀಟಿ ಬಂತೆಂದರೆ ಮನೆಯವರ ಕಣ್ಣು ಅದರ ಮೇಲೆ ಹೋಗುತ್ತದೆ. ‘ನನ್ನ ಹೆಸರಿನಾಗ ಸಾಲ ಕೊಡವಲ್ಲರು, ನಿನ್ನ ಹೆಸರಿನಾಗ ತಗೋ. ಕಂತು ನಾ ಕಟ್ತೀನಿ’ ಎಂದು ಟ್ರ್ಯಾಕ್ಟರಿಗೋ ಅಕ್ಕನ ಮದುವೆಗೋ ಸಾಲ ತೆಗೆಸುತ್ತಾರೆ. ಮಾವನ ಸಾಲಕ್ಕೆ ಜಾಮೀನು ಹಾಕಿಸುತ್ತಾರೆ. ಅಪ್ಪನ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕಟ್ಟುವುದು ಸುಗ್ಗಿಗೆ, ಕಂತು ತಿಂಗಳಿಗೆ. ತಪ್ಪಿದ ಕಂತು ಹುಡುಗನ ಹೆಸರಿಗೆ ಬರೆದುಹೋಗುತ್ತದೆ. ಜಾಮೀನು ಹಾಕಿದ ಸಾಲವೂ ಅವನ ವರದಿಗೆ ಸೇರುತ್ತದೆ. ‘ಒಲ್ಲೆ’ ಎಂದು ಅಪ್ಪನಿಗೆ ಹೇಳುವ ಧೈರ್ಯ 20 ವರ್ಷದ ಹುಡುಗನಿಗೆ ಇರುವುದಿಲ್ಲ. ಆದ್ದರಿಂದ ಆ ಮಾತನ್ನು ಅವನ ಬಾಯಿಗೆ ಬಿಡದೆ, ಕೇಳುವುದನ್ನೇ ನಾವು ಬಿಡಬೇಕು. ಕೇಳಲೇಬೇಕಾದ ಕಷ್ಟ ಬಂದರೆ, ಆರು ತಿಂಗಳ ಕಂತಿನ ದುಡ್ಡನ್ನು ಮೊದಲೇ ಅವನ ಖಾತೆಗೆ ಹಾಕಿ ಆಮೇಲೆ ಸಹಿ ಕೇಳಿ.

ಶಿಕ್ಷಣ ಸಾಲದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಸಾಲಗಾರರು ವಿದ್ಯಾರ್ಥಿ, ಜೊತೆ ಸಾಲಗಾರರು ತಂದೆ ಅಥವಾ ತಾಯಿ. ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ಬಿಡುವು ಇರುತ್ತದೆ. ಆ ಬಿಡುವು ಯಾವ ತಾರೀಖಿಗೆ ಮುಗಿಯುತ್ತದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತಪ್ಪಿದರೆ ಇಬ್ಬರ ಪತ್ತೂ ಹೋಗುತ್ತದೆ. ಊರು ಬಿಟ್ಟ ಮಕ್ಕಳು ಸಿಮ್ ಬದಲಿಸಿದರೆ ಹೊಸ ನಂಬರನ್ನು ಬ್ಯಾಂಕಿಗೆ ಕೊಡಲಿ. ಕಂತಿನ ನೆನಪೋಲೆ ಹಳೆಯ ನಂಬರಿಗೆ ಹೋದರೆ ಓದುವವರಾರು?

ಇನ್ನೊಂದು ತಿಳಿದಿರಲಿ. ಊರಿನ ಸಣ್ಣ ಪತ್ತಿನ ಸಂಘಗಳ ವ್ಯವಹಾರವೆಲ್ಲ ಈ ನಾಲ್ಕು ಕಂಪನಿಗಳಿಗೆ ಹೋಗುವುದಿಲ್ಲ. ಅಲ್ಲಿ ಹತ್ತು ವರ್ಷ ಸರಿಯಾಗಿ ಕಟ್ಟಿದ್ದರೂ ಮಗಳ ಸ್ಕೋರಿನಲ್ಲಿ ಕಾಣದಿರಬಹುದು. ಸಾಲ ತೆಗೆಯುವ ಮೊದಲೇ ಕೇಳಿ ನೋಡಿ. ಸಾಲ ತೀರಿದ ದಿನ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ‘ಸೆಟಲ್‌ಮೆಂಟ್’ ಎಂದು ಕಡಿಮೆ ದುಡ್ಡಿಗೆ ಮುಗಿಸಿದರೆ, ಪೂರ್ತಿ ತೀರಿಸಿದಂತೆ ವರದಿಯಲ್ಲಿ ಬರುವುದಿಲ್ಲ.

ಬರುವ ಭಾನುವಾರ ಒಂದು ಕೆಲಸ ಮಾಡಿ. ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ. ಮಗ ಅಥವಾ ಮಗಳ ಜೊತೆ ಕೂತು ಅದನ್ನು ತೆಗೆಸಿ. ದುಡ್ಡು ಕೇಳುವ ಬೇರೆ ಆ್ಯಪ್‌ಗಳು ಬೇಡ, ಕಂಪನಿಯ ಸ್ವಂತ ತಾಣಕ್ಕೇ ಹೋಗಿ. ಅವರು ತೆಗೆಯದ ಸಾಲ ಅವರ ಹೆಸರಿನಲ್ಲಿದ್ದರೆ ಅಲ್ಲಿಯೇ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವೂ ಇದೆ. ನಿಮ್ಮ ವರದಿಯನ್ನೂ ತೆಗೆದು ಮಕ್ಕಳಿಗೆ ತೋರಿಸಿ. ಬೆಳೆಸಾಲ, ಬಂಗಾರದ ಸಾಲ, ಅವ್ವನ ಸಂಘದ ವಾರದ ಕಂತು – ಈ ಮನೆ ಯಾವ ಸಾಲದಿಂದ ನಡೆಯಿತು, ಅದನ್ನು ಹೇಗೆ ತೀರಿಸಿದಿರಿ ಎಂಬುದು ಅವರಿಗೂ ಗೊತ್ತಾಗಲಿ.