ಗಿಟಾರಿನ ನಾದವೂ ಧ್ವನಿವರ್ಧಕದ ಮಿತಿಯೂ



ಉಪಾಧ್ಯಾಯನಾದವನ ಆಯುಷ್ಯವು ಅನ್ಯರ ತಪ್ಪುಗಳನ್ನು ತಿದ್ದುವುದರಲ್ಲಿಯೇ ಕಳೆಯುತ್ತದೆ. ಆದುದರಿಂದ ತನ್ನ ತಪ್ಪನ್ನು ಕಾಣುವ ಅಭ್ಯಾಸ ಅವನಿಗೆ ತುಸು ಕಡಮೆ. ಈ ತಿಂಗಳ ಅಂಕಣವನ್ನು ನನ್ನದೇ ಒಂದು ತಪ್ಪಿನ ತಿದ್ದುಪಡಿಗೆ ಮೀಸಲಿಡುತ್ತಿದ್ದೇನೆ.

ಕಳೆದ ಶಾಲಾ ವಾರ್ಷಿಕೋತ್ಸವದಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕನ್ನಡ ಗೀತೆಗಳನ್ನು ನುಡಿಸುವೆನೆಂದು ಮುಂದೆ ಬಂದನು. ಊರ ಹಿರಿಯರು ಕೆಲವರು ಮೂಗು ಮುರಿದರು. ನಮ್ಮ ಕಾಸರಗೋಡಿನ ಈ ಮೂಲೆಯಲ್ಲಿ ಕನ್ನಡದ ಹಾಡು ಯಾವ ವಾದ್ಯದಿಂದ ಬಂದರೂ ಬರಲಿ ಎಂದು ನಾನೇ ಒಪ್ಪಿಗೆಯಿತ್ತೆ.

ಗಿಟಾರಿನ ನಾದವು ಮೊದಲು ಅವನ ಕಾಲಬುಡದಲ್ಲಿದ್ದ ಪ್ರೊಸೆಸರ್ ಎಂಬ ಪೆಟ್ಟಿಗೆಯನ್ನು ಸೇರಿ, ಅಲ್ಲಿಂದ ನೇರವಾಗಿ ಮೈಕ್ ಸೆಟ್ಟಿನವರ ಪವರ್ ಆಂಪ್ಲಿಫೈಯರಿಗೆ ಹೋಗುತ್ತಿತ್ತು. ಮೊದಲನೆಯ ಹಾಡು ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ. "ಗುಂಡಿಯನ್ನು ಪೂರ್ತಿ ತಿರುಗಿಸಿ" ಎಂದು ನಾನು ಆಜ್ಞಾಪಿಸಿದೆ. ಎರಡನೆಯ ಹಾಡಿಗೆಂದು ಅವನು ಪೆಟ್ಟಿಗೆಯ ಇನ್ನೊಂದು ಮೆಟ್ಟುಗುಂಡಿಯನ್ನು ಒತ್ತಿದನೋ ಇಲ್ಲವೋ, ಚಪ್ಪರವೇ ಹರಿದಂತಹ ಅಬ್ಬರವಾಯಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಒಂದು ಸ್ಪೀಕರ್ ಪೆಟ್ಟಿಗೆಯ ಟ್ವೀಟರ್ ಸುಟ್ಟುಹೋಯಿತು. ನಾನು ಮೈಕಿನಲ್ಲಿಯೇ, ಸಭೆಯ ಎದುರಿನಲ್ಲಿಯೇ, ಅವನನ್ನು ಗದರಿದೆ. ಅವನು ಮಾತಾಡದೆ ವಯರನ್ನು ಸುತ್ತಿಕೊಂಡು, ಊಟವನ್ನೂ ಮಾಡದೆ ಹೊರಟುಹೋದನು.

ವಾರದ ಬಳಿಕ ಬಾಡಿಗೆಗೆಂದು ಬಂದ ಮೈಕ್ ಸೆಟ್ಟಿನವರು, "ತಪ್ಪು ಹುಡುಗನದ್ದು ಮಾತ್ರ ಅಲ್ಲ ಮಾಸ್ಟ್ರೇ. ಗುಂಡಿ ಪೂರಾ ತಿರುಗಿಸಲಿಕ್ಕೆ ಹೇಳಿದ್ದು ನೀವಲ್ಲವಾ?" ಎಂದರು. ಆ ಮಾತು ನನ್ನ ನಿದ್ದೆಯನ್ನು ಕೆಡಿಸಿತು. ಮರುದಿನವೇ ಹುಡುಗನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಪೆಟ್ಟಿಗೆಯನ್ನಿಟ್ಟು ನನಗೆ ಕಲಿಸಿದ ಪಾಠವನ್ನು ನನ್ನ ಭಾಷೆಯಲ್ಲಿ ಇಲ್ಲಿ ಒಪ್ಪಿಸುತ್ತಿದ್ದೇನೆ.

ನಾದವು ತಂತಿಯೊಳಗೆ ವಿದ್ಯುತ್ತಾಗಿ ಹರಿಯುವಾಗ ಅದಕ್ಕೆ ಬೇರೆ ಬೇರೆ ಮಟ್ಟಗಳಿವೆ. ಮೈಕಿನಿಂದ ಹೊರಡುವುದು ವೋಲ್ಟಿನ ಕೆಲವು ಸಾವಿರದ ಭಾಗಗಳಷ್ಟು. ಗಿಟಾರಿನದು ಸಾಮಾನ್ಯವಾಗಿ ವೋಲ್ಟಿನ ಕೆಲವು ಹತ್ತನೆಯ ಭಾಗಗಳಷ್ಟು. ಅದಕ್ಕೂ ಮೇಲಿನದು ಲೈನ್ ಮಟ್ಟ. ಇದರಲ್ಲಿಯೂ ಎರಡು ಬಗೆ. ಮನೆಯ ಟೇಪ್‌ರೆಕಾರ್ಡರಿನಂತಹ ಉಪಕರಣಗಳಿಗೆ ಸುಮಾರು 0.316 ವೋಲ್ಟ್, ವೃತ್ತಿಪರ ಉಪಕರಣಗಳಿಗೆ ಸುಮಾರು 1.23 ವೋಲ್ಟ್. ಒಂದಕ್ಕಿಂತ ಇನ್ನೊಂದು ಹೆಚ್ಚುಕಡಮೆ 4 ಪಟ್ಟು! ಇನ್ನು ಸ್ಪೀಕರಿಗೆ ಹೋಗುವ ಮಟ್ಟವಂತೂ ತೀರ ಬೇರೆಯೇ. 8 ಓಮಿನ ಸ್ಪೀಕರಿಗೆ 100 ವಾಟ್ ಶಕ್ತಿಯನ್ನು ಕೊಡಲು 28 ವೋಲ್ಟಿಗೂ ಮಿಕ್ಕಿ ಬೇಕು.

ಪವರ್ ಆಂಪ್ಲಿಫೈಯರು ತನ್ನ ಪೂರ್ಣ ಶಕ್ತಿಯನ್ನು ಕೊಡಲು ಎಷ್ಟು ವೋಲ್ಟಿನ ಸಂಕೇತವನ್ನು ಬಯಸುತ್ತದೆ ಎಂಬುದಕ್ಕೆ ಸೆನ್ಸಿಟಿವಿಟಿ ಎಂದು ಹೆಸರು. ಕೆಲವಕ್ಕೆ 0.775 ವೋಲ್ಟ್ ಸಾಕು, ಕೆಲವಕ್ಕೆ 1.4 ವೋಲ್ಟ್ ಬೇಕು. 0.775 ಎಂಬ ಈ ವಿಚಿತ್ರ ಸಂಖ್ಯೆಯು ಹಳೆಯ ಟೆಲಿಫೋನ್ ತಂತ್ರದಿಂದ ಬಂದುದು; 600 ಓಮಿನ ತಡೆಯಲ್ಲಿ 1 ಮಿಲಿವಾಟ್ ವ್ಯಯವಾಗಲು ಬೇಕಾದ ವೋಲ್ಟೇಜ್ ಅದು. ವರ್ಗಮೂಲ ಬಲ್ಲ ಮಕ್ಕಳು ಲೆಕ್ಕ ಮಾಡಿ ನೋಡಲಿ.

ಈಗ ನನ್ನ ಅಜ್ಞಾನದ ಮೂಲಕ್ಕೆ ಬರೋಣ. ಆಂಪ್ಲಿಫೈಯರಿನ ಗುಂಡಿಯನ್ನು ತಿರುಗಿಸಿದಷ್ಟೂ ಅದರ ಶಕ್ತಿ ಹೆಚ್ಚುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ಆ ಗುಂಡಿಯು ನಮ್ಮ ಅಡಕೆ ತೋಟದ ಕಣಿಗೆ ಕಟ್ಟಿದ ತಡೆಯಂತೆ. ಬಂದ ನೀರಿನಲ್ಲಿ ಎಷ್ಟನ್ನು ಒಳಗೆ ಬಿಡಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ಬೇಸಗೆಯಲ್ಲಿ ಸುರಂಗದ ನೀರು ನೂಲಿನಂತೆ ಬರುತ್ತಿದೆಯೆಂದು ತಡೆಯನ್ನು ಪೂರ್ತಿ ತೆಗೆದಿಟ್ಟವನು, ಮೊದಲ ಮಳೆಗೆ ತೋಟದ ಮಣ್ಣನ್ನೇ ಕಳೆದುಕೊಳ್ಳುತ್ತಾನೆ. ಅಂದು ಆದುದೂ ಅದೇ.

ಹುಡುಗನು ಮನೆಯಲ್ಲಿ ಸಣ್ಣ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿ ಅಭ್ಯಾಸ ಮಾಡುವವನು. ಆದುದರಿಂದ ಪ್ರೊಸೆಸರಿನ ಹೊರದಾರಿಯು ಗಿಟಾರಿನ ಕಿರಿಯ ಮಟ್ಟಕ್ಕೇ ಹೊಂದಿಸಲ್ಪಟ್ಟಿತ್ತು. ಲೈನ್ ಮಟ್ಟಕ್ಕೆ ಬದಲಿಸಲು ಮರೆತದ್ದು ತನ್ನ ತಪ್ಪೆಂದು ಅವನೇ ಹೇಳಿದನು. ಎರಡನೆಯ ಹಾಡಿನ ಸ್ವರವಿನ್ಯಾಸವಾದರೋ ಮೊದಲಿನದಕ್ಕಿಂತ 12 ಡೆಸಿಬೆಲ್ ಹೆಚ್ಚಿನದಾಗಿತ್ತು. 12 ಎಂಬುದು ಸಣ್ಣ ಸಂಖ್ಯೆಯಂತೆ ತೋರುತ್ತದೆ. ಆದರೆ 6 ಡೆಸಿಬೆಲ್ ಏರಿದರೆ ವೋಲ್ಟೇಜ್ ಸುಮಾರು 2 ಪಟ್ಟು, 12 ಏರಿದರೆ 4 ಪಟ್ಟು, ಶಕ್ತಿಯಾದರೋ 16 ಪಟ್ಟು. ಮೊದಲ ಹಾಡಿಗೆ 10 ವಾಟ್ ಹೊರಡುತ್ತಿದ್ದರೆ ಎರಡನೆಯದಕ್ಕೆ 160 ವಾಟ್ ಬೇಕು. ಯಂತ್ರದ ಮಿತಿ 100 ವಾಟ್ ಆಗಿದ್ದರೆ ಅದು ಏನು ಮಾಡೀತು? ನಾದದ ಅಲೆಗಳ ನೆತ್ತಿಯನ್ನು ಚಪ್ಪಟೆಯಾಗಿ ಕತ್ತರಿಸಿ ಹೊರಬಿಡುತ್ತದೆ. ಇದೇ ಕ್ಲಿಪ್ಪಿಂಗ್. ಹೀಗೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿಲ್ಲದ ತಾರಸ್ವರಗಳು ಹುಟ್ಟಿಕೊಂಡು, ಕೂದಲಿನಷ್ಟು ತೆಳ್ಳಗಿನ ತಂತಿಯ ಟ್ವೀಟರನ್ನು ಬಿಸಿಮಾಡಿ ಸುಡುತ್ತವೆ.

ಹಾಗಾದರೆ ಸರಿಯಾದ ಕ್ರಮವೇನು? ಮನೆಯಲ್ಲಿ ಇಂತಹ ವಾದ್ಯವುಳ್ಳ ಮಕ್ಕಳಿಗಾಗಿ ಬರೆಯುತ್ತೇನೆ.

ಮೊದಲು ಆಂಪ್ಲಿಫೈಯರಿನ ಗುಂಡಿಯನ್ನು ಸೊನ್ನೆಗಿಳಿಸಬೇಕು. ಪ್ರೊಸೆಸರಿನಲ್ಲಿ ಆಯ್ಕೆಯಿದ್ದರೆ ಅದನ್ನು ಲೈನ್ ಮಟ್ಟಕ್ಕೆ ತರಬೇಕು. ಅನಂತರ ಅತ್ಯಂತ ಜೋರಾದ ಭಾಗವನ್ನು ನುಡಿಸುತ್ತ, ಅದರ ಕೆಂಪು ದೀಪ ಹೊತ್ತದಂತೆ ಹೊರಮಟ್ಟವನ್ನು ಹೊಂದಿಸಬೇಕು. ಎಲ್ಲ ಸ್ವರವಿನ್ಯಾಸಗಳನ್ನೂ ಒಂದೊಂದಾಗಿ ಒತ್ತಿ, ಕಿವಿಗೆ ಸಮನಾಗಿ ಕೇಳುವಂತೆ ಸರಿಪಡಿಸಬೇಕು. ಕೊನೆಗೆ ಮಾತ್ರ ಆಂಪ್ಲಿಫೈಯರನ್ನು ಮೆಲ್ಲಗೆ ಏರಿಸಬೇಕು. ಗುಂಡಿ ಅರ್ಧದಲ್ಲಿಯೇ ನಿಂತರೆ ಅದು ಕೊರತೆಯಲ್ಲ. ಮೊದಲ ಮೆಟ್ಟಿಲಲ್ಲಿ ನಾದವನ್ನು ಬಡವಾಗಿಸಿ ಕೊನೆಯಲ್ಲಿ ಎತ್ತಿದರೆ, ಅದರೊಡನೆ ಸುಯ್ಯೆಂಬ ಸದ್ದೂ ಏರುತ್ತದೆ.

ಇನ್ನೆರಡು ಎಚ್ಚರಿಕೆಗಳು. ಪವರ್ ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಚಾಲೂ ಮಾಡಿ ಎಲ್ಲಕ್ಕಿಂತ ಮೊದಲು ಆರಿಸಬೇಕು. ಇಲ್ಲದಿದ್ದರೆ ಸ್ಪೀಕರಿಗೆ ಢಂ ಎಂಬ ಪೆಟ್ಟು ಬೀಳುತ್ತದೆ. ಸ್ಪೀಕರಿಗೆಂದಿರುವ ಹೊರದಾರಿಯನ್ನು ಎಂದೂ ಇನ್ನೊಂದು ಯಂತ್ರದ ಒಳದಾರಿಗೆ ಚುಚ್ಚಬಾರದು. ತೂತಿಗೆ ವಯರು ಹೊಂದಿತೆಂದ ಮಾತ್ರಕ್ಕೆ ಮಟ್ಟವೂ ಹೊಂದಿತೆಂದು ತಿಳಿಯಬಾರದು.

ಇದು ನಮ್ಮ ಯಕ್ಷಗಾನದ ಚಪ್ಪರದಲ್ಲಿ ಎಲ್ಲರೂ ಬಲ್ಲ ವಿಷಯವೇ. ಚೆಂಡೆಯ ಪೆಟ್ಟಿಗೂ ಭಾಗವತರ ಪದಕ್ಕೂ ಒಂದೇ ಅಳತೆ ಇಟ್ಟರೆ ಆಟವೇ ಕೆಡುತ್ತದೆ. ಬಲ್ಲ ವಿಷಯವನ್ನು ಹೊಸ ವಾದ್ಯದಲ್ಲಿ ನಾನು ಗುರುತಿಸಲಿಲ್ಲ, ಅಷ್ಟೆ.

ಪಾಠ ಮುಗಿದ ಮೇಲೆ ಹುಡುಗನ ತಾಯಿ ಕೊಟ್ಟ ಅವಲಕ್ಕಿ ತಿಂದು, ಟ್ವೀಟರಿನ ಬೆಲೆಯಲ್ಲಿ ಅರ್ಧವನ್ನು ನಾನು ಕೊಡುವೆನೆಂದೆ. ಅವನು ಒಪ್ಪಲಿಲ್ಲ; ನಾನು ಬಿಡಲಿಲ್ಲ. ಆದರೆ ಗದರಿದ್ದು ಸಭೆಯಲ್ಲಿ, ತಪ್ಪೊಪ್ಪಿದ್ದು ಜಗಲಿಯಲ್ಲಿ. ಇದು ನ್ಯಾಯದ ಲೆಕ್ಕವಲ್ಲವೆಂದು ಮುಂದಿನ ಸೋಮವಾರ ಶಾಲೆಯ ಅಸೆಂಬ್ಲಿಯಲ್ಲಿ ಮಕ್ಕಳೆದುರು ನಡೆದುದನ್ನು ನಡೆದಂತೆಯೇ ಹೇಳಿದೆ. ಅಂದು ಸಭೆಯಲ್ಲಿದ್ದ ಹಿರಿಯರಲ್ಲಿ ಹಲವರು ಈ ಪತ್ರಿಕೆಯ ಓದುಗರು. ಅವರಿಗಾಗಿ ಇಲ್ಲಿಯೂ ಬರೆದಿದ್ದೇನೆ.

ಬರುವ ವಾರ್ಷಿಕೋತ್ಸವಕ್ಕೆ ಅವನು ಬರುತ್ತಾನೆ. ಆಂಪ್ಲಿಫೈಯರಿನ ಗುಂಡಿ ಅವನ ಕೈಯಲ್ಲಿರುತ್ತದೆ. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇನೆ.