ಮಾರುವ ಮುನ್ನ ಸಂಸತ್ತು ಕೇಳಲಿ



ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಗಳಿಕೆ ಯಾವ ದಾರಿಯಲ್ಲಿ ಬಂತು ಎಂಬ ಎಚ್ಚರವೂ ಅದರೊಳಗಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಕಳಿಸಿದರು. ಮನೆಯೊಳಗೆ ಹಾಗೆ ಕೇಳುವವರೊಬ್ಬರು ಇದ್ದುದರಿಂದಲೇ ಆ ಕಾಯಕ ಶುದ್ಧವಾಗಿ ಉಳಿಯಿತು. ನಮ್ಮ ದೇಶ ಹೊರದೇಶಗಳಿಗೆ ಆಯುಧ ಮಾರುವಾಗ ಹಾಗೆ ಕೇಳುವವರು ಯಾರು?

2013-14ರಲ್ಲಿ ಭಾರತದ ರಕ್ಷಣಾ ರಫ್ತು 686 ಕೋಟಿ ರೂಪಾಯಿ. 2024-25ರಲ್ಲಿ ಅದು 23,622 ಕೋಟಿ. 2022ರಲ್ಲಿ ಫಿಲಿಪ್ಪೀನ್ಸ್ ಜೊತೆ ಬ್ರಹ್ಮೋಸ್ ಕ್ಷಿಪಣಿಯ ಒಪ್ಪಂದವಾಯಿತು. 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ಅಲ್ಲಿಗೆ ತಲುಪಿತು. ಇದು ದೂರದ ದೆಹಲಿಯ ಸಂಗತಿ ಮಾತ್ರವಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್ ಇವೆ. ತಾಯಲೂರಿನ ನಮಗೆ ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆ ಪರಿಚಿತ. ಅದೂ ರಕ್ಷಣಾ ಸಚಿವಾಲಯದ ಅಧೀನದ್ದೇ. ಇಂತಹ ಕಾರ್ಖಾನೆಗಳಲ್ಲಿ ನಮ್ಮ ನಾಡಿನ ಮಕ್ಕಳ ಬೆವರಿದೆ.

ಇನ್ನು ಮಾರಾಟದ ತೀರ್ಮಾನ. ಆಯುಧ ರಫ್ತಿಗೆ ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಅದಕ್ಕೆ ಮುಂಚಿತವಾಗಿ ತಿಳಿಸಲೇಬೇಕೆಂಬ ಕಾನೂನೂ ಇಲ್ಲ. 1993ರಿಂದ ರಕ್ಷಣಾ ಸ್ಥಾಯಿ ಸಮಿತಿ ಇದೆ. ಆದರೆ ಇಲಾಖೆಯ ದಿನನಿತ್ಯದ ಆಡಳಿತ ಅದರ ವ್ಯಾಪ್ತಿಗೆ ಬರುವುದಿಲ್ಲ.

ಗಾಜಾ ಯುದ್ಧದ ವೇಳೆ ಇಸ್ರೇಲಿಗೆ ಆಯುಧ ಕಳಿಸುವ ಭಾರತೀಯ ಕಂಪನಿಗಳ ಪರವಾನಗಿ ರದ್ದುಮಾಡಬೇಕೆಂದು ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 2024ರ ಸೆಪ್ಟೆಂಬರ್ 9ರಂದು ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ವಿದೇಶಾಂಗ ನೀತಿ ಸರ್ಕಾರಕ್ಕೆ ಬಿಟ್ಟದ್ದು ಎಂಬುದು ಅದರ ನಿಲುವು. ಆಗಲಿ. ನ್ಯಾಯಾಲಯ ಕೇಳಬಾರದು ಎಂದಾದರೆ ಜನಪ್ರತಿನಿಧಿಗಳಾದರೂ ಕೇಳಬೇಕಲ್ಲವೇ?

ಕೊಳ್ಳುವಾಗ ಅವರು ಕೇಳಿದ್ದಾರೆ. 1986ರ ಬೋಫೋರ್ಸ್ ಫಿರಂಗಿ ಖರೀದಿಯಲ್ಲಿ ಲಂಚದ ಆರೋಪ ಬಂದಾಗ ಜಂಟಿ ಸಂಸದೀಯ ಸಮಿತಿ ರಚನೆಯಾಯಿತು. ನಮ್ಮ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ ಅದರ ಅಧ್ಯಕ್ಷರಾಗಿದ್ದರು. ಅದರ ವರದಿಯನ್ನು ಒಪ್ಪದವರು ಬಹಳ. ಆದರೂ ಸಂಸತ್ತು ಲೆಕ್ಕ ಕೇಳಬಹುದು ಎಂಬುದು ಜನರಿಗೆ ಮನದಟ್ಟಾಯಿತು. ಕೊಳ್ಳುವಾಗ ಹೋಗುವುದು ನಮ್ಮ ಹಣ. ಮಾರುವಾಗ ಹೋಗುವುದು ಇನ್ನೊಬ್ಬರ ಪ್ರಾಣವೂ ಇರಬಹುದು, ನಮ್ಮ ಹೆಸರೂ ಇರಬಹುದು.

ಹೆಸರಿನ ಮಾತಿಗೆ ಬೆಂಗಳೂರಿನದೇ ಉದಾಹರಣೆ ಇದೆ. ಎಚ್‌ಎಎಲ್ ಈಕ್ವೆಡಾರ್ ದೇಶಕ್ಕೆ ಏಳು ಧ್ರುವ ಹೆಲಿಕಾಪ್ಟರ್ ಮಾರಿತು. ನಾಲ್ಕು ಅಪಘಾತಕ್ಕೀಡಾದವು. ಕಾರಣದ ಬಗ್ಗೆ ಎರಡೂ ಕಡೆಯವರು ಒಮ್ಮತಕ್ಕೆ ಬರಲಿಲ್ಲ. 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದುಮಾಡಿತು. ಇಂತಹ ಮಾರಾಟದ ಮೊದಲೂ ನಂತರವೂ ಹೊರಗಿನವರ ಕಣ್ಣು ಇರುವುದು ಮಾರುವವರಿಗೂ ಒಳ್ಳೆಯದೇ.

ಕೇಳುತ್ತ ಕೂತರೆ ಗುಟ್ಟು ರಟ್ಟಾಗುತ್ತದೆ, ಗಿರಾಕಿ ಬೇರೆಡೆ ಹೋಗುತ್ತಾನೆ ಎನ್ನುವವರಿದ್ದಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಆಯುಧ ಮಾರುವ ಅಮೆರಿಕ 1976ರ ಕಾಯ್ದೆಯ ಪ್ರಕಾರ ದೊಡ್ಡ ಮಾರಾಟಗಳನ್ನು 30 ದಿನ ಮೊದಲೇ ತನ್ನ ಸಂಸತ್ತಿಗೆ ತಿಳಿಸುತ್ತದೆ. ನ್ಯಾಟೋ ಕೂಟದಂತಹ ಆಪ್ತ ಮಿತ್ರರಾದರೆ 15 ದಿನ. ಅದರಿಂದ ಅವರ ವ್ಯಾಪಾರ ನಿಂತಿಲ್ಲ. ಆ ಕಾನೂನು ಪರಿಪೂರ್ಣವೆಂದೂ ಹೇಳಲಾಗದು. 2019ರಲ್ಲಿ ಸೌದಿ ಅರೇಬಿಯಾ ಮತ್ತು ಯುಎಇ ಮಾರಾಟವನ್ನು ತಡೆಯಲು ಎರಡೂ ಸದನಗಳು ನಿರ್ಣಯ ಮಾಡಿದಾಗ ಅಧ್ಯಕ್ಷ ಟ್ರಂಪ್ ವಿಟೋ ಹಾಕಿದರು. ಆದರೂ ಯಾರು ಯಾರಿಗೆ ಏನು ಮಾರುತ್ತಿದ್ದಾರೆ, ಅದು ಯೆಮೆನ್‌ನಲ್ಲಿ ಯಾರ ಮೇಲೆ ಬೀಳುತ್ತಿದೆ ಎಂಬುದು ಜನರ ಮುಂದೆ ಚರ್ಚೆಯಾಯಿತು.

ನಾವು ಕೇಳುವುದು ದೊಡ್ಡದೇನಲ್ಲ. ಯಾವ ದೇಶಕ್ಕೆ, ಯಾವ ಆಯುಧ, ಎಷ್ಟು ಮೊತ್ತಕ್ಕೆ ಎಂಬ ಪಟ್ಟಿ ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಲಿ. ದೊಡ್ಡ ಒಪ್ಪಂದಗಳನ್ನು ರವಾನೆಗೆ ಮೊದಲೇ ಸ್ಥಾಯಿ ಸಮಿತಿಗೆ ತಿಳಿಸಲಿ, ಅಗತ್ಯವಿದ್ದರೆ ಗೋಪ್ಯವಾಗಿಯೇ. ಮಾರಿದ ಆಯುಧ ನಿರಪರಾಧಿಗಳ ಮೇಲೆ ಬಳಕೆಯಾದರೆ ಮುಂದಿನ ಕಂತು ನಿಲ್ಲಿಸುವ ಅಧಿಕಾರ ಕಾನೂನಿನಲ್ಲಿರಲಿ.

ಸಂಸದರು ಮಠಕ್ಕೆ ಬರುತ್ತಾರೆ, ಜಾತ್ರೆಗೆ ಬರುತ್ತಾರೆ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಮುಂದಿನ ಸಲ ಬಂದಾಗ ಶಾಲಿನ ಜೊತೆಗೆ ಈ ಬೇಡಿಕೆಯ ಮನವಿಪತ್ರವನ್ನೂ ಅವರ ಕೈಗೆ ಕೊಡೋಣ.