ಆಟಗಾರನು ಗುರುವಾಗುವ ಬಗೆ

ಒಂದು ವಿದ್ಯೆಯಲ್ಲಿ ಪಾರಂಗತನಾದವನು ಅದನ್ನು ಕಲಿಸುವುದರಲ್ಲಿಯೂ ಸಹಜವಾಗಿಯೇ ಸಮರ್ಥನಾಗಿರುವನೆಂಬ ನಂಬಿಕೆ ಬಹು ಹಳೆಯದು. ಸಂಗೀತಶಾಲೆಯಿಂದ ಗರಡಿಮನೆಯವರೆಗೆ ಅದು ಪ್ರಶ್ನಾತೀತವೆಂಬಂತೆ ನಡೆದುಬಂದಿದೆ. ಆದರೆ ಆಡುವ ಶಕ್ತಿಯೇ ಬೇರೆ, ಆಡಿಸುವ ಶಕ್ತಿಯೇ ಬೇರೆ ಎಂದೂ, ಮೊದಲನೆಯದರಿಂದ ಬಂದ ಕೀರ್ತಿಯನ್ನು ಕೆಲಕಾಲ ಬದಿಗಿರಿಸಿ ಮತ್ತೊಮ್ಮೆ ಕಲಿಯಲು ಕುಳಿತವನಿಗೇ ಎರಡನೆಯದು ಕೈಗೂಡುವುದೆಂದೂ ನಾನು ಭಾವಿಸುತ್ತೇನೆ. ಸ್ಪೇನಿನ ಫುಟ್‌ಬಾಲ್ ಆಟಗಾರ ಶಾಬಿ ಅಲೋನ್ಸೊನ ವೃತ್ತಿಜೀವನವನ್ನು ಪರಿಶೀಲಿಸಿದಷ್ಟೂ ಈ ಭಾವನೆ ನನ್ನಲ್ಲಿ ದೃಢವಾಗಿದೆ.

1981ರಲ್ಲಿ ಬಾಸ್ಕ್ ಸೀಮೆಯ ಟೊಲೊಸಾ ಊರಿನಲ್ಲಿ ಹುಟ್ಟಿದ ಈತನ ತಂದೆಯೂ ಹೆಸರಾಂತ ಆಟಗಾರನೇ. ರಿಯಲ್ ಸೊಸಿಯೆದಾದ್, ಲಿವರ್‌ಪೂಲ್, ರಿಯಲ್ ಮ್ಯಾಡ್ರಿಡ್, ಬಯರ್ನ್ ಮ್ಯೂನಿಕ್ ಎಂಬ ನಾಲ್ಕು ಪ್ರಸಿದ್ಧ ಕ್ಲಬ್ಬುಗಳಲ್ಲಿ ಆಡಿ, 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದ ಅಲೋನ್ಸೊನಿಗೆ ವೇಗವೆಂಬುದು ದೊರೆತ ವರವಾಗಿರಲಿಲ್ಲ. ರಕ್ಷಣಾ ಪಂಕ್ತಿಯ ಮುಂದೆ, ಅಂಗಳದ ನಡುವೆ ನಿಂತು, ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸಿಬಿಡುವ ದೃಷ್ಟಿಯೇ ಆತನ ಬಂಡವಾಳ. ಲಿವರ್‌ಪೂಲಿನ ಕಿರಿಯ ಆಟಗಾರರು ತಮ್ಮ ಬಲವೇನೆಂದು ಕೇಳಿದಾಗ ಟ್ಯಾಕಲ್ ಮಾಡುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು ಆತನಿಗೆ ಅಚ್ಚರಿಯನ್ನುಂಟುಮಾಡಿತ್ತು. ಜಾರಿ ಬಿದ್ದು ಚೆಂಡನ್ನು ಕಸಿಯುವುದು ಬೇರೆ ಉಪಾಯವಿಲ್ಲದಾಗ ಮಾಡತಕ್ಕ ಕೆಲಸವೇ ಹೊರತು ಬಯಸಿ ಬೆಳೆಸಿಕೊಳ್ಳಬೇಕಾದ ಗುಣವಲ್ಲವೆಂದು ಆತನು ಬಹಿರಂಗವಾಗಿಯೇ ಹೇಳಿದ್ದನು. ಈ ಮಾತಿನಲ್ಲಿ ಮುಂದಿನ ಗುರುವಿನ ಬೀಜವಿದ್ದಿತೆಂಬುದು ದಿಟ. ಆದರೆ ಬೀಜವಿದ್ದ ಮಾತ್ರಕ್ಕೆ ಫಲ ಬರುವುದಿಲ್ಲ.

ಇಟಲಿಯ ಆಂಡ್ರಿಯಾ ಪಿರ್ಲೊನನ್ನು ಇಲ್ಲಿ ನೆನೆಯಬೇಕು. ಅದೇ ಸ್ಥಾನ, ಅದೇ ನಿಧಾನ, ಅದೇ ದೂರದೃಷ್ಟಿ. ಪ್ರತಿಭೆಯಲ್ಲಿ ಅಲೋನ್ಸೊನಿಗಿಂತ ಒಂದು ಕೈ ಮೇಲೆಂದರೂ ತಪ್ಪಾಗದು. 2020ರ ಬೇಸಿಗೆಯಲ್ಲಿ ಯುವೆಂಟಸ್ ಕ್ಲಬ್ಬು ಆತನನ್ನು ತನ್ನ ಕಿರಿಯ ತಂಡಕ್ಕೆ ತರಬೇತುದಾರನನ್ನಾಗಿ ನೇಮಿಸಿ, ಆತ ಅಲ್ಲಿ ಒಂದು ಪಂದ್ಯವನ್ನೂ ಆಡಿಸುವ ಮೊದಲೇ, ಕೆಲವೇ ದಿನಗಳಲ್ಲಿ ಹಿರಿಯ ತಂಡದ ಪೀಠಕ್ಕೆ ಏರಿಸಿತು. ಒಂದೇ ಋತುವಿನ ಬಳಿಕ ಕೆಳಗಿಳಿಸಿತು. ಆ ಅವಧಿಯಲ್ಲಿ ಇಟಲಿಯ ಕಪ್ ಗೆದ್ದನೆಂಬುದು ನಿಜವಾದರೂ, ಸತತವಾಗಿ ಒಂಬತ್ತು ಬಾರಿ ಲೀಗ್ ಗೆದ್ದಿದ್ದ ತಂಡವು ನಾಲ್ಕನೆಯ ಸ್ಥಾನಕ್ಕೆ ಇಳಿದಿತ್ತು. ದೋಷವು ಪಿರ್ಲೊನದಲ್ಲ; ಕಲಿಯುವುದಕ್ಕೆ ಅವಕಾಶ ಕೊಡದವರದು.

ಅಲೋನ್ಸೊನಾದರೋ 2017ರಲ್ಲಿ ನಿವೃತ್ತನಾದ ಮೇಲೆ ಮರುವರ್ಷ ರಿಯಲ್ ಮ್ಯಾಡ್ರಿಡ್‌ನ ಹದಿನಾಲ್ಕು ವಯಸ್ಸಿನೊಳಗಿನ ಹುಡುಗರಿಗೆ ಪಾಠ ಹೇಳಲು ತೊಡಗಿದನು. ವಿಶ್ವಕಪ್ ಗೆದ್ದವನೊಬ್ಬನು ಮೀಸೆ ಚಿಗುರದ ಮಕ್ಕಳಿಗೆ, ತನಗೆ ಉಸಿರಾಟದಷ್ಟು ಸಹಜವಾಗಿದ್ದ ಪಾಸನ್ನು ಬಿಡಿಸಿ ತೋರಿಸಬೇಕಾದಾಗ, ತಾನು ಅದನ್ನು ಹೇಗೆ ಮಾಡುತ್ತಿದ್ದೆನೆಂದು ಮೊದಲು ತಾನೇ ಅರಿತುಕೊಳ್ಳಬೇಕಾಗುತ್ತದೆ; ಗುರುತ್ವದ ಆರಂಭವಾಗುವುದು ಅಲ್ಲಿಯೇ. 2019ರಿಂದ ಮೂರು ವರ್ಷ ಆತನು ತವರಿನ ರಿಯಲ್ ಸೊಸಿಯೆದಾದ್‌ನ ಎರಡನೆಯ ತಂಡದೊಡನಿದ್ದನು. 2021ರಲ್ಲಿ ಆ ತಂಡವು ಸುಮಾರು ಅರುವತ್ತು ವರ್ಷಗಳ ಅನಂತರ ಸ್ಪೇನಿನ ಎರಡನೆಯ ಶ್ರೇಣಿಗೆ ಏರಿತು, ಮರುವರ್ಷವೇ ಕೆಳಗಿಳಿಯಿತು. ಈ ಇಳಿತವನ್ನು ಆತನ ಪ್ರಶಂಸಕರು ಸಾಮಾನ್ಯವಾಗಿ ಎತ್ತುವುದಿಲ್ಲ. ಪ್ರತಿ ಭಾನುವಾರವೂ ತನಗಿಂತ ಬಲಿಷ್ಠರ ಎದುರು ಇಪ್ಪತ್ತರ ಹುಡುಗರನ್ನು ನಿಲ್ಲಿಸಿ, ಸೋತವರನ್ನು ಸೋಮವಾರ ಮತ್ತೆ ಅಂಗಳಕ್ಕೆ ಕರೆತರುವ ಆ ಒಂದು ವರ್ಷದ ಶಿಕ್ಷಣಕ್ಕೆ ನಾನು ಯಾವ ಪ್ರಶಸ್ತಿಗಿಂತಲೂ ಹೆಚ್ಚಿನ ಬೆಲೆಯನ್ನು ಕೊಡುತ್ತೇನೆ.

2022ರ ಅಕ್ಟೋಬರಿನಲ್ಲಿ ಜರ್ಮನಿಯ ಲೆವರ್ಕುಸೆನ್ ಆತನನ್ನು ಕರೆಯಿತು. ಬೇಯರ್ ಔಷಧ ಕಾರ್ಖಾನೆಯ ಕಾರ್ಮಿಕರಿಂದ 1904ರಲ್ಲಿ ಹುಟ್ಟಿದ, ಐದು ಬಾರಿ ಲೀಗಿನಲ್ಲಿ ಎರಡನೆಯದಾಗಿ ನಿಂತು ಅದುವರೆಗೆ ಒಮ್ಮೆಯೂ ಗೆಲ್ಲದ ಆ ಕ್ಲಬ್ಬು ಆಗ ಹದಿನೆಂಟು ತಂಡಗಳಲ್ಲಿ ಹದಿನೇಳನೆಯದಾಗಿತ್ತು. ಮುಂದಿನ ಋತುವಿಗೆ ಅಲೋನ್ಸೊ ಮೂವತ್ತು ವಯಸ್ಸಿನ ಆಟಗಾರ ಗ್ರಾನಿಟ್ ಜಾಕಾನನ್ನು ತರಿಸಿ, ಒಂದು ಕಾಲದಲ್ಲಿ ತಾನು ನಿಲ್ಲುತ್ತಿದ್ದ ಎಡೆಯಲ್ಲಿಯೇ ಆತನನ್ನು ನಿಲ್ಲಿಸಿದನು. 2023-24ರಲ್ಲಿ ಆಡಿದ 34 ಲೀಗ್ ಪಂದ್ಯಗಳಲ್ಲಿ 28 ಗೆಲುವು, 6 ಸಮ. ಸೋಲು ಒಂದೂ ಇಲ್ಲ. ಜರ್ಮನಿಯ ಲೀಗಾದ ಬುಂಡೆಸ್‌ಲೀಗಾದ ಇತಿಹಾಸದಲ್ಲಿ ಬೇರಾರೂ ಇದನ್ನು ಸಾಧಿಸಿರಲಿಲ್ಲ. ಮೇ ತಿಂಗಳಲ್ಲಿ ಯುರೋಪಾ ಲೀಗಿನ ಪಂದ್ಯದಲ್ಲಿ ರೋಮಾ ತಂಡದೆದುರು ಎರಡು ಗೋಲು ಹಿಂದಿದ್ದು, 97ನೆಯ ನಿಮಿಷದಲ್ಲಿ ಸ್ಟಾನಿಶಿಚ್ ಹೊಡೆದ ಗೋಲಿನಿಂದ ಸಮಮಾಡಿಕೊಂಡಾಗಲೂ ಲೆವರ್ಕುಸೆನ್ ತಂಡದವರು ಚೆಂಡನ್ನು ಕುರುಡಾಗಿ ಮುಂದಕ್ಕೆ ತೂರಿದವರಲ್ಲ; ಕೊನೆಯ ಗಳಿಗೆಯವರೆಗೂ ಪಾಸನ್ನು ನಂಬಿದವರು. ಇದು ಕಲಿಸಿದುದರ ಫಲ. ಅದೇ ಲೀಗಿನ ಅಂತಿಮ ಪಂದ್ಯದಲ್ಲಿ ಅಟಲಾಂಟಾ ತಂಡವು ಅವರನ್ನು ಮೂರು ಗೋಲುಗಳಿಂದ ಸೋಲಿಸಿತು. ಮೂರು ದಿನಗಳ ಮೇಲೆ, ಅರ್ಧಕ್ಕೂ ಹೆಚ್ಚು ಹೊತ್ತು ಹತ್ತೇ ಜನರಿಂದ ಆಡಿ, ಅವರು ಜರ್ಮನ್ ಕಪ್ಪನ್ನು ಗೆದ್ದರು. ಸೋತವರನ್ನು ಮತ್ತೆ ಅಂಗಳಕ್ಕೆ ಕರೆತರುವ ವಿದ್ಯೆಯನ್ನು ಆತನು ಹಿಂದೆಯೇ ಅಭ್ಯಾಸ ಮಾಡಿದ್ದನಲ್ಲವೆ!

ಬೆನಿಟೆಜ್, ಮೊರಿನ್ಯೊ, ಆಂಚೆಲೊಟ್ಟಿ, ಗ್ವಾರ್ಡಿಯೊಲಾರಂಥ ಆಚಾರ್ಯರ ಕೈಕೆಳಗೆ ಆಡಿದ ಭಾಗ್ಯವೇ ಇದಕ್ಕೆಲ್ಲ ಕಾರಣವೆಂದು ಕೆಲವರು ಹೇಳಬಹುದು. ಆದರೆ ಅವರ ಕೈಕೆಳಗೆ ಆಡಿದವರು ನೂರಾರು ಮಂದಿ, ಅಲೋನ್ಸೊ ಒಬ್ಬನೇ. ಗ್ವಾರ್ಡಿಯೊಲಾ ಕೂಡ 2008ರಲ್ಲಿ ಬಾರ್ಸೆಲೋನಾದ ಹಿರಿಯ ತಂಡವನ್ನು ವಹಿಸಿಕೊಳ್ಳುವ ಮೊದಲು ಅದರ ಎರಡನೆಯ ತಂಡವನ್ನು ನಾಲ್ಕನೆಯ ಶ್ರೇಣಿಯಲ್ಲಿ ಆಡಿಸಿದನು. ಬೆಂಗಳೂರಿನ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ: ಆಟಗಾರನಾಗಿ ಹೇಳಿಕೊಳ್ಳುವಂಥ ಕೀರ್ತಿಯಿಲ್ಲದ ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್ ಎರಡು ವರ್ಷ ಅಲ್ಲಿನ ತರಬೇತುದಾರ ಆಲ್ಬರ್ಟ್ ರೋಕಾನ ಸಹಾಯಕನಾಗಿ ದುಡಿದ ಬಳಿಕವೇ ಬೆಂಗಳೂರು ಎಫ್‌ಸಿಯ ಹೊಣೆ ಹೊತ್ತು, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯನ್ನು ತಂದುಕೊಟ್ಟನು.

ಆದುದರಿಂದ ಹೆಸರಾಂತ ಆಟಗಾರನನ್ನು ನಿವೃತ್ತಿಯ ಮರುದಿನವೇ ಹಿರಿಯ ಪೀಠಕ್ಕೆ ಕರೆಯುವ ಅವಸರವನ್ನು ಕ್ಲಬ್ಬುಗಳು ಬಿಡಬೇಕು. ಆತನಿಗೆ ಹುಡುಗರ ತಂಡವೊಂದನ್ನು ಒಪ್ಪಿಸಲಿ. ಮೂರು ವರ್ಷ ಆತನ ಪಾಡಿಗೆ ಆತನನ್ನು ಬಿಡಲಿ. ಆ ತಂಡ ಒಂದು ಶ್ರೇಣಿ ಕೆಳಗಿಳಿದರೂ ಬಿಡಲಿ.